ಕೂಸು ಹುಟ್ಟುವ ಮುಂಚೆಯೇ ಮಾಡಬೇಕಾದ ಮಂಚ

"ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ" ಅನ್ನೋದು ನಮ್ಮ ಮನೆಯಲ್ಲಿ ಬರೀ ಗಾದೆಯಲ್ಲ, ಕಾನೂನು. ಹೆಂಡತಿಗೆ ಐದನೇ ತಿಂಗಳು ನಡೆದಿತ್ತು. ನಾನು ಕೂಸಿನ ಮಂಚ ಮಾಡೋಕೆ ಅಂತ ಹಿತ್ತಲಲ್ಲಿ ಹಳೆ ತೊಲೆ ಎಳೆದು ಹಾಕಿ ಟೇಪ್ ಹಿಡಿದು ಕೂತಿದ್ದೆ. ಅವ್ವ ಹೊಸ್ತಿಲಲ್ಲೇ ನಿಂತು ನೋಡಿದಳು. "ಏನ್ ಅವಸರ ಐತಿ ನಿಂದು? ಕೂಸು ಕೈಯಾಗ ಬರ್ಲಿ ಮೊದ್ಲ."

ಕುಲಾವಿಯ ಮಟ್ಟಿಗೆ ಅವ್ವನ ಮಾತು ಸರಿ. ಕುಲಾವಿ ಒಂದು ಮಧ್ಯಾಹ್ನದ ಕೆಲಸ. ಮಂಚ ಹಾಗಲ್ಲ. ಕಟ್ಟಿಗೆ ಒಣಗಬೇಕು, ಗೋಂದು ಹಿಡಿಯಬೇಕು, ಪಾಲಿಶ್ ವಾಸನೆ ಪೂರ್ತಿ ಹೋಗಬೇಕು. ವಾರಕ್ಕೊಂದು ಭಾನುವಾರ ಕೂತು ಮಾಡುವವರಿಗೆ ಇದು ನಾಲ್ಕು ತಿಂಗಳ ಲೆಕ್ಕ. ಕುಬಸದ (ಸೀಮಂತದ) ಊಟ ಮುಗಿಯೋ ಹೊತ್ತಿಗೆ ಕಟ್ಟಿಗೆ ಕೊರೆದು ಇಟ್ಟಿರಬೇಕು. ಹುಟ್ಟಿದ ಮೇಲೆ ಶುರು ಮಾಡಿದರೆ ಹಸಿ ಪಾಲಿಶ್ ಮೇಲೆ ಕೂಸನ್ನು ಮಲಗಿಸಬೇಕಾಗುತ್ತದೆ.

ಕೊನೆಗೆ ನಾನೂ ಅವ್ವನೂ ಒಂದು ರಾಜಿಗೆ ಬಂದೆವು. ತುಂಡುಗಳನ್ನೆಲ್ಲ ತಯಾರು ಮಾಡಿ ಇಡುವುದು, ಜೋಡಿಸುವುದು ಮಾತ್ರ ಕೂಸು ಹುಟ್ಟಿದ ಮೇಲೆ. ಜೋಡಿಸದಿದ್ದರೆ ಅದು ಮಂಚವಲ್ಲ, ಸುಮ್ನೆ ಕಟ್ಟಿಗೆ. ಇದು ಅವ್ವನಿಗೆ ಒಪ್ಪಿಗೆಯಾಯಿತು. ಮಾಡುತ್ತಾ ಹೋದಂತೆ ಗೊತ್ತಾಯಿತು, ಬೋಲ್ಟ್ ಹಾಕಿ ಜೋಡಿಸೋ ಮಂಚವೇ ಒಳ್ಳೆಯದು. ಬಾಗಿಲಲ್ಲಿ ಹಿಡಿಸುತ್ತದೆ, ಊರು ಬದಲಾದರೆ ಗಾಡಿಗೆ ಹಾಕಬಹುದು, ಎರಡನೇ ಕೂಸು ಬರೋತನಕ ಅಟ್ಟದ ಮೇಲೆ ಇಡಬಹುದು.

ಇಲ್ಲಿ ಹೇಳುತ್ತಿರುವುದು ತೂಗೋ ತೊಟ್ಟಿಲಿನ ಬಗ್ಗೆ ಅಲ್ಲ. ತೊಟ್ಟಿಲು ತವರಿನ ಕಡೆಯವರದು, ಹೆಸರಿಡುವ ದಿನದ್ದು. ಕೂಸು ಮಗ್ಗುಲಾಗೋಕೆ, ಕೈ ಊರಿ ಎದೆ ಎತ್ತೋಕೆ ಶುರು ಮಾಡಿದ ಮೇಲೆ ತೊಟ್ಟಿಲಲ್ಲಿ ಬಿಟ್ಟು ಹೋಗುವಂತಿಲ್ಲ. ಆಗ ಬೇಕಾಗುವುದು ಅಲ್ಲಾಡದ, ನಾಲ್ಕೂ ಕಡೆ ಸರಳು ಇರುವ ಮಂಚ. ಅಂಗಡಿಯವರು ಬೇಬಿ ಕಾಟ್ ಅಂತಾರೆ. ನಮ್ಮ ಮನೆಯಲ್ಲಿ ಅದು ಕಟಕಟೆ ಮಂಚ. ಕೋರ್ಟಿನ ಕಟಕಟೆ ನೆನಪಾದರೆ ಆಗಲಿ, ಒಳಗೆ ನಿಂತವರ ಗಲಾಟೆಯೂ ಹಾಗೇ ಇರುತ್ತದೆ.

ಕಟ್ಟಿಗೆ

ನಮ್ಮದು ಹಳೆ ಬಾಗಲಕೋಟೆ. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ನವನಗರಕ್ಕೆ ಬಂದವರು. ಬರುವಾಗ ಅಪ್ಪ ಬಾಗಿಲು, ಚೌಕಟ್ಟು, ತೊಲೆ, ಜಂತಿ ಎಲ್ಲ ಬಿಚ್ಚಿ ತಂದಿದ್ದರು. ಇಂಥ ರಾಶಿ ನಮ್ಮ ಕಡೆ ಎಷ್ಟೋ ಮನೆಗಳ ಹಿತ್ತಲಲ್ಲಿ ಇದೆ. ಹಳೆ ಸಾಗವಾನಿ ಸಿಕ್ಕರೆ ಅದಕ್ಕಿಂತ ಒಣಗಿದ ಕಟ್ಟಿಗೆ ಬೇರೆ ಇಲ್ಲ. ಎಷ್ಟೋ ಬೇಸಿಗೆ ಕಂಡದ್ದು, ಇನ್ನು ಸೊಟ್ಟಾಗಲ್ಲ.

ಆದರೆ ಎರಡು ಎಚ್ಚರ. ಒಂದು ಮೊಳೆ. ತೊಲೆಯ ಒಳಗೆ ಮುರಿದು ಕೂತ ಮೊಳೆ ಹೊರಗೆ ಕಾಣಲ್ಲ. ಸಾ ಮಿಲ್‌ನವರು ಹಳೆ ಕಟ್ಟಿಗೆ ಅಂದರೆ ಹಿಂದೇಟು ಹಾಕುವುದು ಇದಕ್ಕೇ, ಬ್ಲೇಡ್ ಹೋಗುತ್ತದೆ. ಕೆಟ್ಟ ಸ್ಪೀಕರ್‌ನಿಂದ ಅಯಸ್ಕಾಂತ ತೆಗೆದು ನಾಲ್ಕೂ ಮುಖದ ಮೇಲೆ ಆಡಿಸಿ. ನಾನು ಒಂದೇ ತೊಲೆಯಲ್ಲಿ 11 ಮೊಳೆ ಕಿತ್ತೆ.

ಎರಡನೆಯದು ಹಳೆ ಬಣ್ಣ, ಇದು ಮೊಳೆಗಿಂತ ದೊಡ್ಡ ಅಪಾಯ. ಕಿಟಕಿ, ಬಾಗಿಲಿಗೆ ಬಳಿದ ಹಳೆ ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಅನ್ನೋ ನಿಯಮ ನಮ್ಮಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಮೇಲೆ ನಂಬಿಕೆ ಇಡಬೇಡಿ. ಉಜ್ಜಿ ತೆಗೆದರಾಯಿತು ಅಂದುಕೊಳ್ಳಬೇಡಿ, ಉಜ್ಜಿದಾಗ ಏಳುವ ಧೂಳೇ ವಿಷ. ಅದರಲ್ಲೂ ಮನೆಯಲ್ಲಿ ಬಸುರಿ ಇರುವಾಗ. ಬಣ್ಣ ಕಂಡ ಕಟ್ಟಿಗೆಯನ್ನು ಈ ಕೆಲಸಕ್ಕೆ ಮುಟ್ಟಲೇಬೇಡಿ. ನಾನು ಬಳಸಿದ್ದು ಮಾಳಿಗೆಯ ತೊಲೆ. ಅದಕ್ಕೆ ಬಣ್ಣ ಬಳಿದಿರಲಿಲ್ಲ, ಒಲೆ ಹೊಗೆಗೆ ಕಪ್ಪಾಗಿತ್ತು ಅಷ್ಟೇ. ಎರಡು ಸೂತ್ (ಕಾಲು ಇಂಚು) ಕೀಸಿದರೆ ಒಳಗೆ ಜೇನು ಬಣ್ಣ.

ಹಳೆಯದು ಇಲ್ಲದವರು ಹೊಸ ಸಾಗವಾನಿ ತರಬಹುದು, ಬಿಲ್ ಸಮೇತ. ಬೇವೂ ನಡೆಯುತ್ತದೆ. ಗಟ್ಟಿ, ಹುಳ ಕಡಿಮೆ, ಕೂಸು ಕಚ್ಚಿದರೆ ಕಹಿ ಹತ್ತಬಹುದು. ಕರಿಜಾಲಿ ಚಕ್ಕಡಿ ಗಾಲಿಗೆ ಹೇಳಿ ಮಾಡಿಸಿದ್ದು, ತೆಳುವಾದ ಸರಳು ಮಾಡೋಕೆ ಹೋದರೆ ನಿಮ್ಮ ಉಳಿ ಮೊಂಡಾಗುತ್ತದೆ. ಸಣ್ಣ ತೂತಿನಿಂದ ಹಿಟ್ಟು ಉದುರುತ್ತಿದ್ದರೆ ಯಾವ ಕಟ್ಟಿಗೆಯೂ ಬೇಡ. ಗೆದ್ದಲು ಔಷಧಿ ಹೊಡೆದ ಕಟ್ಟಿಗೆಯಂತೂ ಬೇಡವೇ ಬೇಡ.

ಕೆಳಗೆ ಹೇಳುವ ಅಳತೆಗೆ ವೇಸ್ಟ್ ಸೇರಿ ಎರಡೂವರೆ ಘನ ಅಡಿ ಸಾಕು.

ಒಣಗಿದೆಯೋ ಇಲ್ಲವೋ

ನನ್ನ ತೊಲೆ ಕಾಲು, ಅಡ್ಡಪಟ್ಟಿಗೆ ಸಾಕಾಯಿತು, ಸರಳಿಗೆ ಸಾಲಲಿಲ್ಲ. ಆಷಾಢದಲ್ಲಿ ಬೆಳಗಾವಿಗೆ ಹೋದಾಗ ಹೊಸ ಸಾಗವಾನಿ ಹಲಗೆ ತಂದೆ. ನಮ್ಮ ಓಣಿಯ ಬಡಿಗೇರ ಕಾಕಾ ಹಲಗೆ ಮೇಲೆ ಅಂಗೈ ಇಟ್ಟು, ಬೆರಳಿಂದ ಬಡಿದು, ಕಿವಿ ಕೊಟ್ಟು ಕೇಳಿದರು. "ತಮ್ಮಾ, ಇದು ಇನ್ನಾ ನೀರು ಕುಡದೈತಿ. ಈಗ ಕೊರದ್ಯಂದ್ರ ಬ್ಯಾಸಗ್ಯಾಗ ಬಾಯಿ ಬಿಡತೈತಿ."

ಇದು ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ನಮ್ಮ ಮೂರು ಜಿಲ್ಲೆಯವರು ತಿಳಿದುಕೊಳ್ಳಲೇಬೇಕಾದ ಮಾತು. ಖಾನಾಪುರ, ಬೆಳಗಾವಿ ಕಡೆ ಮಳೆಗಾಲದ ಗಾಳಿಯೇ ಒದ್ದೆ. ಬಾಗಲಕೋಟೆ, ವಿಜಯಪುರದ ಏಪ್ರಿಲ್ ಗಾಳಿ ತುಟಿ ಒಡೆಸುತ್ತದೆ. ಅಲ್ಲಿ ಸರಿಯಾಗಿ ಕೂತ ಜೋಡಣೆ ಇಲ್ಲಿ ಸಡಿಲಾಗುತ್ತದೆ. ಕಟ್ಟಿಗೆ ಉದ್ದದಲ್ಲಿ ಕುಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಗಲದಲ್ಲಿ ಕುಗ್ಗುತ್ತದೆ. ಸರಳು ಕುಗ್ಗಿದರೆ ಸಂದಿ ದೊಡ್ಡದಾಯಿತು ಅಂತಲೇ ಅರ್ಥ.

ತೇವ ನೋಡುವ ಮೀಟರ್ ಕೊಳ್ಳಬೇಕಿಲ್ಲ. ಹಲಗೆಯಿಂದ ಗೇಣುದ್ದ ಒಂದು ತುಂಡು ಕೊಯ್ದು, ಹಲಗೆಗಳ ಜೊತೆಗೇ ಇಟ್ಟು, ವಾರಕ್ಕೊಮ್ಮೆ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ. ನನ್ನ ತುಂಡು ಮೊದಲ ದಿನ 412 ಗ್ರಾಂ ಇತ್ತು. ಆಮೇಲೆ 394, 381, 373, 369, 368. ಎರಡು ವಾರ ತೂಕ ನಿಂತಲ್ಲೇ ನಿಂತರೆ ನಿಮ್ಮೂರಿನ ಗಾಳಿಗೆ ಕಟ್ಟಿಗೆ ಒಗ್ಗಿದೆ ಅಂತ ಲೆಕ್ಕ. ಕಿರಾಣಿ ಅಂಗಡಿಯವರು ಮೂರನೇ ವಾರಕ್ಕೆ ನನ್ನನ್ನು ನೋಡಿ ನಗತೊಡಗಿದರು. ನಗಲಿ.

ಒಣಗಿಸುವಾಗ ಹಲಗೆ ಹಲಗೆಯ ನಡುವೆ ಬೆರಳು ದಪ್ಪದ ಕಡ್ಡಿ ಇಟ್ಟು ಪೇರಿಸಿ, ಮೇಲೆ ಭಾರ ಹೇರಿ, ನೆರಳಲ್ಲಿಡಿ. ಬೇಗ ಒಣಗಲಿ ಅಂತ ಬಿಸಿಲಿಗೆ ಹಾಕಿದರೆ ತುದಿ ಸೀಳುತ್ತದೆ.

ಅಳತೆ ಗಾದಿಯಿಂದ ಶುರು

ಎಲ್ಲರೂ ಮೊದಲು ಮಂಚ ಮಾಡಿ ಆಮೇಲೆ ಗಾದಿ ಹುಡುಕುತ್ತಾರೆ. ಉಲ್ಟಾ ಮಾಡಿ. ಮೊದಲು ಗಾದಿ ತನ್ನಿ, ಅದನ್ನೇ ಅಳೆಯಿರಿ. 4 ಅಡಿ ಉದ್ದ, 2 ಅಡಿ ಅಗಲ, 4 ಇಂಚು ದಪ್ಪದ್ದು ಸುಲಭವಾಗಿ ಸಿಗುತ್ತದೆ. ಒತ್ತಿದರೆ ಕೈ ಮುಳುಗಬಾರದು, ಗಟ್ಟಿ ಇರಬೇಕು. ಮಂಚದ ಒಳ ಅಳತೆ ಅದಕ್ಕಿಂತ ಅರ್ಧ ಇಂಚು ಜಾಸ್ತಿ: 48½ ಇಂಚು ಉದ್ದ, 24½ ಇಂಚು ಅಗಲ. ಗಾದಿಯನ್ನು ಒಂದು ಬದಿಗೆ ತಳ್ಳಿದಾಗ ಇನ್ನೊಂದು ಬದಿಯ ಸಂದಿಯಲ್ಲಿ ಎರಡು ಬೆರಳು ಸಲೀಸಾಗಿ ಹೋಗುವಂತಿದ್ದರೆ ಗಾದಿ ಸಣ್ಣದಾಯಿತು. ಕೂಸಿನ ಮುಖ ಅಲ್ಲಿ ಸಿಕ್ಕಿಬಿದ್ದರೆ ಉಸಿರು ಕಟ್ಟುತ್ತದೆ.

ನಮ್ಮ ಕಡೆ ಬಡಿಗರು ಇಂಚು, ಸೂತ್ ಲೆಕ್ಕದಲ್ಲೇ ಕೆಲಸ ಮಾಡುವುದು. ಒಂದು ಇಂಚಿಗೆ 8 ಸೂತ್. ಕೀಸಿದ ಮೇಲಿನ ಅಳತೆ ಹೀಗೆ:

ಕಾಲು 4: 1¾ ಇಂಚು ಚೌಕ, 36 ಇಂಚು ಎತ್ತರ.
ಉದ್ದದ ಅಡ್ಡಪಟ್ಟಿ 4: 2 ಇಂಚು ಅಗಲ, 1 ಇಂಚು ದಪ್ಪ, 48½ ಇಂಚು ಉದ್ದ.
ಗಿಡ್ಡ ಅಡ್ಡಪಟ್ಟಿ 4: ಅಗಲ, ದಪ್ಪ ಅಷ್ಟೇ, ಉದ್ದ 26½ ಇಂಚು. ಎರಡೂ ತುದಿಯ ಒಂದೊಂದು ಇಂಚು ಕಾಲಿನ ಒಳಗೆ ಹೋಗುತ್ತದೆ.
ಸರಳು 38: 1¼ ಇಂಚು ಅಗಲ, ½ ಇಂಚು ದಪ್ಪ, 26 ಇಂಚು ಉದ್ದ.
ಅಗಲ ಹಲಗೆ 4: 3 ಇಂಚು ಅಗಲ, 1 ಇಂಚು ದಪ್ಪ, 26 ಇಂಚು ಉದ್ದ.
ತಳಕ್ಕೆ: 2½ ಇಂಚು ಅಗಲ, 1 ಇಂಚು ದಪ್ಪದ ಪಟ್ಟಿಗಳ ಒಂದು ಚೌಕಟ್ಟು, ಹೊರ ಅಳತೆ 48¼ ಮತ್ತು 24¼ ಇಂಚು. ಅದರ ಮೇಲೆ ಅಡ್ಡಕ್ಕೆ 2½ ಇಂಚು ಅಗಲ, ½ ಇಂಚು ದಪ್ಪದ 11 ಪಟ್ಟಿ.

ಮೇಲಿನ ಅಡ್ಡಪಟ್ಟಿ ಕಾಲಿನ ತುದಿಗೆ ಸಮ. ಕೆಳಗಿನ ಅಡ್ಡಪಟ್ಟಿ ನೆಲದಿಂದ 7ರಿಂದ 9 ಇಂಚಿನ ನಡುವೆ. ಎಲ್ಲ ಅಡ್ಡಪಟ್ಟಿಗಳ ಒಳಮುಖ ಕಾಲಿನ ಒಳಮುಖಕ್ಕೆ ಸಮನಾಗಿರಲಿ.

ಕಾಲಿನ ತುದಿಗೆ ಕಳಸ ಬೇಡ. ಕಾಕಾ ಇದೊಂದಕ್ಕೆ ಮಾತ್ರ ಒಪ್ಪಲಿಲ್ಲ. "ಕಳಸಿಲ್ಲದ ಮಂಚ ಬೋಳು ಕಾಣತೈತಿ" ಅಂದರು. ಬೋಳೇ ಇರಲಿ. ಎದ್ದು ನಿಲ್ಲೋ ವಯಸ್ಸಿನ ಕೂಸಿನ ಅಂಗಿಯ ಕುತ್ತಿಗೆಯೋ, ಕೊರಳಿನ ದಾರವೋ ಕಳಸಕ್ಕೆ ಸಿಕ್ಕಿಕೊಂಡು, ಕಾಲು ಜಾರಿದರೆ ಅದೇ ನೇಣು. ಕಾಲು ಅಡ್ಡಪಟ್ಟಿಗಿಂತ ಅರ್ಧ ಸೂತೂ ಮೇಲೆ ಬರಬಾರದು. ಕೆಳಗೆ ಇಳಿಯುವ, ಜಾರುವ ಬದಿ ಮಾಡುವ ಆಸೆಯನ್ನೂ ಬಿಡಿ. ಅಂಥ ಮಂಚದ ಬದಿ ಕಳಚಿ ಕೂಸುಗಳು ಸತ್ತಿದ್ದರಿಂದ ಅಮೆರಿಕದಲ್ಲಿ 2011ರ ಜೂನ್‌ನಿಂದ ಅವುಗಳ ಮಾರಾಟವನ್ನೇ ನಿಲ್ಲಿಸಿದರು. ನಾಲ್ಕೂ ಬದಿ ಗಟ್ಟಿ ಇರಲಿ. ಬಗ್ಗಿ ಎತ್ತಿಕೊಳ್ಳೋಕೆ ಸ್ವಲ್ಪ ಕಷ್ಟ ಆಗುತ್ತದೆ, ಆಗಲಿ.

ಸಂದಿ

ಈ ಮಂಚದಲ್ಲಿ ಕಟ್ಟಿಗೆಗಿಂತ ಮುಖ್ಯ ಕಟ್ಟಿಗೆ ಇಲ್ಲದ ಜಾಗ. ಎರಡು ಸರಳಿನ ನಡುವಿನ ಸಂದಿ 2 ಇಂಚು 3 ಸೂತ್ ಮೀರಬಾರದು, ಅಂದರೆ 6 ಸೆಂಟಿಮೀಟರ್. ಅದಕ್ಕಿಂತ ಜಾಸ್ತಿಯಾದರೆ ಕೂಸಿನ ಕಾಲು, ಸೊಂಟ, ಎದೆ ಎಲ್ಲ ಜಾರಿ ಹೊರಗೆ ಬಂದು ತಲೆ ಮಾತ್ರ ಒಳಗೆ ಉಳಿಯುತ್ತದೆ. ಮುಂದಿನದನ್ನು ಬರೆಯೋಕೆ ನನಗೆ ಮನಸ್ಸಿಲ್ಲ.

ನಾನು ಇಲ್ಲೇ ಎಡವಿದ್ದು. ಉದ್ದದ ಬದಿಗೆ 14 ಸರಳು, 15 ಸಂದಿ. ಲೆಕ್ಕ ಸರಿ ಇತ್ತು: 48½ ಇಂಚಿನಲ್ಲಿ ಸರಳುಗಳದು 17½, ಉಳಿದ 31 ಇಂಚನ್ನು 15ರಿಂದ ಭಾಗಿಸಿದರೆ ಒಂದೊಂದು ಸಂದಿ 2 ಇಂಚು ಅರ್ಧ ಸೂತ್. ಟೇಪ್ ಹಿಡಿದು ಒಂದರ ಪಕ್ಕ ಒಂದು ಗುರುತು ಹಾಕುತ್ತಾ ಹೋದೆ. ಪೆನ್ಸಿಲ್ ಮೊನೆ ದಪ್ಪ ಇತ್ತು, ಆ ಅರ್ಧ ಸೂತನ್ನು ಪ್ರತಿ ಸಲ ಬಿಟ್ಟೆ. ಅರ್ಧ ಸೂತ್ ಏನು ಮಹಾ ಅಲ್ವಾ? ಹದಿನಾಲ್ಕು ಸಲ ಕೂಡಿದರೆ 7 ಸೂತ್. ಕೊನೆಯ ಸರಳು ಹಾಕಿದ ಮೇಲೆ ಉಳಿದ ಸಂದಿ ಮೂರು ಇಂಚಿಗೆ ಹತ್ತಿರ. ಅಷ್ಟೊತ್ತಿಗೆ ಎರಡು ಅಡ್ಡಪಟ್ಟಿಗೂ ಉಳಿಯಿಂದ ತೂತು ಹೊಡೆದು ಆಗಿತ್ತು. ಎರಡು ಭಾನುವಾರ ಮಣ್ಣುಪಾಲು. ಆ ಪಟ್ಟಿಗಳು ಈಗ ಅಡಿಗೆಮನೆಯಲ್ಲಿ ಸೌಟು ನೇತು ಹಾಕುವ ಸ್ಟ್ಯಾಂಡ್ ಆಗಿವೆ.

ಕಾಕಾ ಹೇಳಿಕೊಟ್ಟ ದಾರಿಯಲ್ಲಿ ಟೇಪೇ ಬೇಕಿಲ್ಲ. ಸಾ ಮಿಲ್‌ನಲ್ಲಿ ಅಡ್ಡಪಟ್ಟಿಯ ಉದ್ದಕ್ಕೂ ಅರ್ಧ ಇಂಚು ಅಗಲ, ಅರ್ಧ ಇಂಚು ಆಳದ ಗ್ರೂವ್ (ಕಾಲುವೆಯಂಥ ಗೀರು) ಹೊಡೆಸಿ. ಮೇಲಿನ ಪಟ್ಟಿಗೆ ಕೆಳಮುಖದಲ್ಲಿ, ಕೆಳಗಿನ ಪಟ್ಟಿಗೆ ಮೇಲ್ಮುಖದಲ್ಲಿ. ಸರಳಿನ ತುದಿ ಅದರೊಳಗೆ ಕೂರುತ್ತದೆ. ಸರಳು ಸರಳಿನ ನಡುವೆ ಗ್ರೂವ್ ತುಂಬೋಕೆ ಅರ್ಧ ಇಂಚು ಚೌಕದ ಸಣ್ಣ ತುಂಡುಗಳು. ಅವೆಲ್ಲ ಒಂದೇ ಉದ್ದ ಇರಬೇಕು. ಗರಗಸದ ಹತ್ತಿರ ಒಂದು ಗುಟಕಿ (ಮರದ ತುಂಡು) ಬಿಗಿದು, ಪಟ್ಟಿಯನ್ನು ಅದಕ್ಕೆ ತಾಗಿಸಿ ತಾಗಿಸಿ ಕೊಯ್ದರೆ ಅರವತ್ತು ತುಂಡೂ ಒಂದೇ ಅಚ್ಚು. ತುಂಡು, ಸರಳು, ತುಂಡು, ಸರಳು ಅಂತ ತುಂಬುತ್ತಾ ಹೋಗಿ. ಕೊನೆಗೆ ಕೂದಲೆಳೆ ವ್ಯತ್ಯಾಸ ಬಂದರೆ ಆಚೀಚೆಯ ತುದಿ ತುಂಡುಗಳಲ್ಲಿ ಹೊಂದಿಸಿ.

ಗಿಡ್ಡ ಬದಿಯ ಲೆಕ್ಕ ಬೇರೆ. ಅಲ್ಲಿ ಎರಡೂ ಕಾಲಿಗೆ ತಾಗಿ ಒಂದೊಂದು ಅಗಲ ಹಲಗೆ, ನಡುವೆ 5 ಸರಳು, 6 ಸಂದಿ. ಒಂದೊಂದು ಸಂದಿ 2 ಇಂಚಿಗಿಂತ ಕೂದಲೆಳೆ ಜಾಸ್ತಿ. ಆ ತುಂಡುಗಳನ್ನು ಬೇರೆಯಾಗಿ ಕೊಯ್ಯಿರಿ, ಉದ್ದದ ಬದಿಯವುಗಳ ಜೊತೆ ಬೆರೆಸಬೇಡಿ. ಹಲಗೆಯ ತುದಿಯನ್ನು ಎರಡೂ ಮುಖದಲ್ಲಿ ಕಾಲು ಕಾಲು ಇಂಚು ತೆಳುವು ಮಾಡಿದರೆ ಅದೂ ಗ್ರೂವ್‌ನಲ್ಲಿ ಕೂರುತ್ತದೆ. ಈ ಅಗಲ ಹಲಗೆ ಅಂದಕ್ಕಲ್ಲ, ತಳವನ್ನು ಬೋಲ್ಟ್‌ನಿಂದ ಹಿಡಿಸೋಕೆ ಜಾಗ ಬೇಕಲ್ಲ, ಅದಕ್ಕೆ.

ಕೊನೆಗೆ 2 ಇಂಚು 3 ಸೂತ್ ದಪ್ಪದ ಒಂದು ಗುಟಕಿ ಮಾಡಿಟ್ಟುಕೊಳ್ಳಿ. ಯಾವ ಸಂದಿಯಲ್ಲೂ ಅದು ತೂರಬಾರದು. ಈ ಪರೀಕ್ಷೆ ಈಗೊಮ್ಮೆ, ಮೊದಲ ಬೇಸಿಗೆ ಕಳೆದ ಮೇಲೆ ಇನ್ನೊಮ್ಮೆ.

ಜೋಡಣೆ

ಮೊಳೆ ಬೇಡ. ಕೂಸು ಸರಳು ಹಿಡಿದು ಕುಣಿಯೋ ಕಾಲಕ್ಕೆ ಮೊಳೆ ಒಂದೊಂದು ಸೂತ್ ಹೊರಗೆ ಬರುತ್ತದೆ.

ಎರಡು ಗಿಡ್ಡ ಬದಿಗಳನ್ನು ಕಾಲುಗಳ ಸಮೇತ ಗೋಂದು ಹಾಕಿ ಪರ್ಮನೆಂಟಾಗಿ ಕೂಡಿಸಿ. ಕಾಲಿನಲ್ಲಿ ಒಂದು ಇಂಚು ಆಳದ ಚೌಕ ತೂತು, ಅಡ್ಡಪಟ್ಟಿಯ ತುದಿಯಲ್ಲಿ ಅದಕ್ಕೆ ಸರಿಯಾದ 3 ಸೂತ್ ದಪ್ಪದ ನಾಲಿಗೆ. ಕೈಯಿಂದ ತಳ್ಳಿದರೆ ಹೋಗಬೇಕು, ಬಿಟ್ಟರೆ ಬೀಳಬಾರದು. ಸುತ್ತಿಗೆ ಬೇಕಾದರೆ ಬಿಗಿ ಜಾಸ್ತಿ, ಕಾಲು ಸೀಳುತ್ತದೆ. ಮೊದಲು ಗೋಂದಿಲ್ಲದೆ ಎಲ್ಲ ಕೂಡಿಸಿ ನೋಡಿ. ಮೂಲೆಯಿಂದ ಮೂಲೆಗೆ ದಾರ ಹಿಡಿದು ಎರಡೂ ಕರ್ಣ ಅಳೆಯಿರಿ. ಎರಡೂ ಒಂದೇ ಬಂದರೆ ಚೌಕ ಸರಿ. ಆಮೇಲೆ ಫೆವಿಕಾಲ್ ಹಚ್ಚಿ, ಕ್ಲಾಂಪ್ ಇಲ್ಲದಿದ್ದರೆ ಹಗ್ಗ ಸುತ್ತಿ, ಹಗ್ಗದ ನಡುವೆ ಕೋಲು ಹಾಕಿ ತಿರುಚಿ ಬಿಗಿದು, ಒಂದು ಇಡೀ ದಿನ ಬಿಡಿ. ಹೊರಬಂದ ಗೋಂದನ್ನು ಆಗಲೇ ಒದ್ದೆ ಬಟ್ಟೆಯಿಂದ ಒರೆಸಿ. ಒಣಗಿದ ಗೋಂದಿನ ಕಲೆ ಮೇಲೆ ಪಾಲಿಶ್ ಹಿಡಿಯಲ್ಲ, ಬಿಳಿ ಮಚ್ಚೆಯಂತೆ ಕಾಣುತ್ತದೆ.

ಉದ್ದದ ಬದಿಗಳಿಗೂ ಸರಳು ತುಂಬಿ ಗೋಂದು ಹಾಕಿ, ಬೇರೆ ಇಡಿ. ಇವು ಕಾಲಿಗೆ ಸೇರುವುದು 6 ಎಂಎಂ ಬೋಲ್ಟ್‌ನಿಂದ, ಬದಿಗೆ ನಾಲ್ಕರಂತೆ ಒಟ್ಟು ಎಂಟು. 4 ಇಂಚಿನ ಅಲೆನ್ ಬೋಲ್ಟ್, ಜೊತೆಗೆ ಬ್ಯಾರೆಲ್ ನಟ್ ಅಂತ ಕೇಳಿ. ಸಿಲಿಂಡರಿನಂಥ ಆ ನಟ್ ಅಡ್ಡಪಟ್ಟಿಯ ಒಳಗೆ ಅಡ್ಡಲಾಗಿ ಕೂರುತ್ತದೆ, ಬೋಲ್ಟ್ ಕಾಲನ್ನು ದಾಟಿ ಹೋಗಿ ಅದನ್ನು ಹಿಡಿಯುತ್ತದೆ. ತೂತು ಗ್ರೂವ್‌ನಿಂದ ದೂರ ಇರಲಿ. ಪ್ರತಿ ಬೋಲ್ಟ್ ಪಕ್ಕ ಒಂದು ಮರದ ಗೂಟ ಹಾಕಿ, ಇಲ್ಲದಿದ್ದರೆ ಪಟ್ಟಿ ತಿರುಗುತ್ತದೆ. ಬೋಲ್ಟಿನ ದಾರಿಯಲ್ಲಿ ಗಿಡ್ಡ ಪಟ್ಟಿಯ ನಾಲಿಗೆ ಅಡ್ಡ ಬರುತ್ತದೆ. ನಾನು ಇದನ್ನು ನೋಡಿ ಗಾಬರಿಯಾದೆ. ಗಾಬರಿ ಬೇಕಿಲ್ಲ. ಗೋಂದು ಒಣಗಿದ ಮೇಲೆ ನಾಲಿಗೆಯ ಮೂಲಕವೇ ತೂತು ಕೊರೆಯಿರಿ, ಬೋಲ್ಟ್ ಅದನ್ನೂ ಹಿಡಿದುಕೊಳ್ಳುತ್ತದೆ. ಎಂಟೂ ಜೋಡಣೆಗೆ ಉಳಿಯಿಂದ ಒಂದೇ ಥರದ ಗುರುತು ಕೆತ್ತಿ: I ಕೂಡುವುದು I ಜೊತೆ, II ಕೂಡುವುದು II ಜೊತೆ. ಪೆನ್ಸಿಲ್ ಗುರುತು ಪಾಲಿಶ್ ಮಾಡುವಾಗ ಹೋಗುತ್ತದೆ.

ತಳಕ್ಕೆ ಎರಡು ಮಟ್ಟ. ನೆಲದಿಂದ 18 ಇಂಚಿಗೆ ಅಗಲ ಹಲಗೆಯಲ್ಲಿ ಒಂದು ತೂತು, 8 ಇಂಚಿಗೆ ಕೆಳಗಿನ ಅಡ್ಡಪಟ್ಟಿಯಲ್ಲಿ ಒಂದು. ನಾಲ್ಕೂ ಮೂಲೆಗೆ ಹೀಗೆ. 2½ ಇಂಚಿನ ಬೋಲ್ಟ್ ಸಾಕು. ದುಂಡು ತಲೆ ಹೊರಗೆ, ನಟ್ ಒಳಗೆ ತಳದ ಅಡಿಗೆ. ನೈಲಾನ್ ಇರುವ ನಟ್ ತಂದರೆ ಸಡಿಲಾಗಲ್ಲ. ಮೇಲಿನ ಮಟ್ಟ ಮೊದಲ ತಿಂಗಳುಗಳಿಗೆ, ಬಾಣಂತಿಗೆ ಬಗ್ಗೋ ತ್ರಾಸು ಕಡಿಮೆ. ಕೂಸು ಕೈ ಊರಿ ಏಳೋಕೆ ನೋಡಿದ ದಿನವೇ ಕೆಳಗಿಳಿಸಿ, ನಾಳೆ ಅನ್ನಬೇಡಿ. ಕೆಳಗಿನ ಮಟ್ಟದಲ್ಲಿ ತಳದಿಂದ ಮೇಲಿನ ಪಟ್ಟಿಗೆ 26 ಇಂಚು ಇರುತ್ತದೆ, ಈಗಷ್ಟೇ ನಿಲ್ಲೋಕೆ ಕಲಿತ ಕೂಸು ದಾಟಲಾರದು.

ಆಮೇಲೆ ಒಂದು ಸಲ ಪೂರ್ತಿ ಕೂಡಿಸಿ ಜೋಳದ ಚೀಲದ ಪರೀಕ್ಷೆ ಮಾಡಿ. 25 ಕಿಲೋ ಚೀಲವನ್ನು ತಳದ ಮೇಲೆ ಧೊಪ್ಪನೆ ಬಿಡಿ, ಹತ್ತು ಸಲ. ಮಂಚದ ಎರಡು ತುದಿ ಹಿಡಿದು ಅಲ್ಲಾಡಿಸಿ. ಒಂದೊಂದು ಸರಳನ್ನೂ ಹಿಡಿದು ಜಗ್ಗಿ, ತಿರುವಿ. ಕಿರ್ ಅಂದ ಕಡೆ ಬಿಚ್ಚಿ ನೋಡಿ. ಅವ್ವ ಊರಿಗೆ ಹೋದ ದಿನ ನೋಡಿ ನಾನು ಈ ಪರೀಕ್ಷೆ ಮುಗಿಸಿ, ಸಂಜೆಗೆ ಮತ್ತೆ ಬಿಚ್ಚಿಟ್ಟೆ.

ಉಜ್ಜುವುದು, ಪಾಲಿಶ್

ಪಾಲಿಶ್ ಪೇಪರ್ 80, 120, 180, 240 ಅಂತ ಏರುತ್ತಾ ಹೋಗಿ, ನಡುವೆ ಯಾವುದನ್ನೂ ಹಾರಿಸಬೇಡಿ. ಎಲ್ಲ ಅಂಚು ದುಂಡಾಗಲಿ, ಬಳಪದ ಅಂಚಿನಷ್ಟು. 180 ಆದ ಮೇಲೆ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ಒಣಗಲು ಬಿಡಿ. ಕಟ್ಟಿಗೆಯ ಎಳೆ ಮುಳ್ಳಿನಂತೆ ಎದ್ದು ನಿಲ್ಲುತ್ತದೆ. ಈಗ 240 ಹೊಡೆದರೆ ಮತ್ತೆ ಏಳಲ್ಲ. ಎಲ್ಲ ಮುಗಿದ ಮೇಲೆ ಹಳೆ ನೈಲಾನ್ ಕಾಲುಚೀಲವನ್ನು ಕೈಗೆ ಹಾಕಿಕೊಂಡು ಸರಳಿನ ಮೇಲೆ ಸವರಿ. ಕೈಗೆ ಗೊತ್ತಾಗದ ಸೀಳು ಕಾಲುಚೀಲಕ್ಕೆ ಸಿಗುತ್ತದೆ.

ಏನು ಹಚ್ಚಬೇಕು? ಹಲ್ಲು ಬರುವಾಗ ಕೂಸು ಮೇಲಿನ ಪಟ್ಟಿಯನ್ನು ಕಚ್ಚಿಯೇ ಕಚ್ಚುತ್ತದೆ. ಅದನ್ನು ನೆನಪಿಟ್ಟು ಆರಿಸಿ. ಪಾಲಿಶ್ ಮಾಡುವವರು ಮೊದಲು ಹೇಳುವುದು ಮೆಲಮೈನ್. ಹೊಳಪು ಚೆನ್ನ, ಆದರೆ ಒಣಗುವಾಗ ಫಾರ್ಮಾಲ್ಡಿಹೈಡ್ ಬಿಡುತ್ತದೆ, ಕಣ್ಣು ಉರಿಯೋದು ಅದಕ್ಕೇ. ಕೂಸಿನ ಮಂಚಕ್ಕೆ ಬೇಡ.

ಅವ್ವನ ಸಲಹೆ ಅಗಸಿ ಎಣ್ಣೆ. ಕೆಟ್ಟದ್ದಲ್ಲ. ಗಾಣದ ಹಸಿ ಎಣ್ಣೆ ತೆಳುವಾಗಿ ಸವರಿ ಒರೆಸಿದರೆ ತಾನೇ ಗಟ್ಟಿಯಾಗುತ್ತದೆ, ಆದರೆ ವಾರಗಟ್ಟಲೆ ಬೇಕು. ನಾನು ಒಂದು ತುಂಡಿಗೆ ಹಚ್ಚಿ ನೋಡಿದೆ, ಶ್ರಾವಣದಲ್ಲಿ ಇಪ್ಪತ್ತು ದಿನವಾದರೂ ಬೆರಳಿಗೆ ಅಂಟುತ್ತಿತ್ತು. ಹಾರ್ಡ್‌ವೇರ್ ಅಂಗಡಿಯ ಬೇಯಿಸಿದ ಅಗಸೆ ಎಣ್ಣೆ ಬೇಗ ಒಣಗುತ್ತದೆ, ಯಾಕೆಂದರೆ ಅದಕ್ಕೆ ಲೋಹದ ಅಂಶ ಬೆರೆಸಿರುತ್ತಾರೆ. ಅದು ಬೇಡ. ಶೇಂಗಾ ಎಣ್ಣೆ ಒಣಗೋದೇ ಇಲ್ಲ, ಕಮಟು ಹತ್ತುತ್ತದೆ. ಕುಸುಬಿ ಎಣ್ಣೆ ಒಣಗುತ್ತದೆ, ಅಗಸಿಗಿಂತಲೂ ತಡ.

ಅಗಸಿ ಎಣ್ಣೆ ಬಳಸುವವರು ಒಂದು ಮಾತು ಮರೆಯಬೇಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಕಡ್ಡಿ ಗೀರಬೇಕಿಲ್ಲ. ಎಣ್ಣೆ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯ ಒಳಗೆ ಅದು ಹೊರಹೋಗಲು ದಾರಿ ಇರಲ್ಲ. ನಮ್ಮ 40 ಡಿಗ್ರಿ ಬಿಸಿಲಲ್ಲಂತೂ ಕೇಳಲೇಬೇಡಿ. ಬಟ್ಟೆಯನ್ನು ಅಂಗಳದಲ್ಲಿ ಬಿಡಿಸಿ ಒಣಹಾಕಿ, ಇಲ್ಲವೇ ನೀರಿನ ಡಬ್ಬಿಯಲ್ಲಿ ಮುಳುಗಿಸಿ.

ನಾನು ಕೊನೆಗೆ ಆರಿಸಿದ್ದು ಅರಗು. ಶೆಲಾಕ್ ಅಥವಾ ಚಪಡಾ ಅಂತ ಕೇಳಿ, ತೆಳು ಹಳುಕಿನ ರೂಪದಲ್ಲಿ ಸಿಗುತ್ತದೆ. ಅರಗಿನ ಹುಳು ಕೊಡುವ ಅಂಟು ಇದು. ಗುಳಿಗೆ, ಚಾಕಲೇಟಿನ ಮೇಲಿನ ಹೊಳಪಿಗೂ ಇದನ್ನು ಬಳಸುತ್ತಾರೆ. ಕಲಘಟಗಿ ತೊಟ್ಟಿಲಿನ ಬಣ್ಣವೂ ಅರಗಿನದೇ.

100 ಗ್ರಾಂ ಹಳುಕನ್ನು ಅರ್ಧ ಲೀಟರ್ ಪಾಲಿಶ್ ಸ್ಪಿರಿಟ್‌ನಲ್ಲಿ ಹಾಕಿ ರಾತ್ರಿಯಿಡೀ ಬಿಡಿ. ಗಾಜಿನ ಬಾಟಲಿ ಇರಲಿ, ಕಬ್ಬಿಣದ ಡಬ್ಬಿಯಲ್ಲಿ ಕಪ್ಪಾಗುತ್ತದೆ. ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿ. ಸ್ಪಿರಿಟ್ ವಿಷ, ಬೆಂಕಿಗೂ ಹತ್ತುತ್ತದೆ. ಕೆಲಸ ಹೊರಗೆ ನೆರಳಲ್ಲಿ ಮಾಡಿ, ಬಸುರಿ ಹೆಂಗಸು ಹತ್ತಿರ ಬೇಡ. ಹಳೆ ಬನಿಯನ್ ಬಟ್ಟೆಯೊಳಗೆ ಹತ್ತಿ ಇಟ್ಟು ಉಂಡೆ ಕಟ್ಟಿ, ಅದ್ದಿ ಹಿಂಡಿ, ಎಳೆಯ ಗುಂಟ ಒಂದೇ ಸಲ ಎಳೆಯಿರಿ. ಎಳೆದ ಕಡೆ ಮತ್ತೆ ಹಿಂದಕ್ಕೆ ಬಂದರೆ ಗೆರೆ ಬೀಳುತ್ತದೆ. ಗಂಟೆಯಲ್ಲಿ ಒಣಗುತ್ತದೆ. 320ರ ಪೇಪರ್ ಹಗುರಾಗಿ ತಾಗಿಸಿ, ಧೂಳು ಒರೆಸಿ, ಮತ್ತೆ ಹಚ್ಚಿ. ನಾಲ್ಕು ಕೋಟ್ ಸಾಕು. ತಳದ ಅಡಿಭಾಗ, ಕಾಲಿನ ಅಡಿ ಬಿಡಬೇಡಿ.

ಮಳೆ ಹಿಡಿದ ದಿನ ಅರಗು ಮುಟ್ಟಬೇಡಿ. ಗಾಳಿಯ ತೇವಕ್ಕೆ ಬೆಳ್ಳಗೆ ಮಂಜು ಕಟ್ಟುತ್ತದೆ. ಬೆಳಗಾವಿಯವರು ಜುಲೈನಲ್ಲಿ ಈ ಕೆಲಸವನ್ನು ಮರೆತುಬಿಡಿ. ವಿಜಯಪುರದವರು ಮೇ ತಿಂಗಳ ಮಧ್ಯಾಹ್ನ ಮಾಡಬೇಡಿ, ಕೈ ಎತ್ತುವ ಮೊದಲೇ ಒಣಗುತ್ತದೆ. ಬೆಳಗಿನ ಎಂಟರೊಳಗೆ ಸರಿ.

ಅರಗಿಗೆ ಒಂದು ದೋಷ ಇದೆ. ಸ್ಪಿರಿಟ್‌ನಲ್ಲಿ ಕರಗಿದ್ದು ಸ್ಪಿರಿಟ್‌ಗೇ ಮತ್ತೆ ಕರಗುತ್ತದೆ. ಕೂಸನ್ನು ನೋಡಲು ಬಂದವರು ಸ್ಯಾನಿಟೈಸರ್ ಕೈಯಲ್ಲಿ ಪಟ್ಟಿ ಹಿಡಿದರೆ ಬೆರಳಚ್ಚು ಮೂಡುತ್ತದೆ. ನಮ್ಮ ಮಂಚದ ಮೇಲೆ ಒಬ್ಬ ಚಿಕ್ಕಪ್ಪನ ನಾಲ್ಕು ಬೆರಳು ಇನ್ನೂ ಇವೆ. ಇನ್ನೊಂದು ಕೋಟ್ ಹಚ್ಚಿದರೆ ಹೋಗುತ್ತದೆ, ಯಾಕೋ ಹಚ್ಚಿಲ್ಲ.

ಪಾಲಿಶ್ ಮುಗಿದ ಮೇಲೆ ತುಂಡುಗಳನ್ನು ಗಾಳಿಯಾಡುವ ಕಡೆ ಕನಿಷ್ಠ ಒಂದು ತಿಂಗಳು ನಿಲ್ಲಿಸಿ. ಅಡ್ಡಪಟ್ಟಿಗೆ ಮೂಗು ಹಚ್ಚಿ ನೋಡಿ. ಏನೂ ವಾಸನೆ ಬರದಿದ್ದರೆ ತಯಾರು.

ಗಾದಿ, ಕೌದಿ, ಪರದೆ

ಇಲ್ಲಿ ಮನೆಯ ಹಿರಿಯರ ಜೊತೆ ಜಗಳ ಖಾತ್ರಿ. ಕೂಸಿಗೆ ಒಂದು ವರ್ಷ ಆಗೋವರೆಗೆ ಮಂಚದಲ್ಲಿ ಇರಬೇಕಾದದ್ದು ಗಟ್ಟಿ ಗಾದಿ, ಅದಕ್ಕೆ ಬಿಗಿಯಾಗಿ ಸಿಕ್ಕಿಸಿದ ಹತ್ತಿ ಬಟ್ಟೆ, ಮತ್ತೆ ಕೂಸು. ಅಷ್ಟೇ. ದಿಂಬಿಲ್ಲ, ಸಡಿಲ ಹೊದಿಕೆ ಇಲ್ಲ, ಗೊಂಬೆ ಇಲ್ಲ. ಸರಳಿಗೆ ತಲೆ ತಾಗದಿರಲಿ ಅಂತ ಕಟ್ಟುವ ಮೆತ್ತೆಯೂ ಬೇಡ, ಮುಖ ಅದರಲ್ಲಿ ಹೂತರೆ ಉಸಿರಾಟಕ್ಕೆ ತೊಂದರೆ. ಮಲಗಿಸುವುದು ಬೆನ್ನ ಮೇಲೆ. ಕೊರಳಿನ ದಾರ, ತಾಯತ ಮಲಗಿಸುವ ಮುಂಚೆ ತೆಗೆಯಿರಿ. ಅತ್ತೆ ಹೊಲಿದ ಕೌದಿಗೆ ನಾವು ನೆಲದ ಮೇಲೆ ಜಾಗ ಕೊಟ್ಟೆವು. ಕೂಸು ಎಚ್ಚರ ಇದ್ದಾಗ ಬೋರಲು ಬಿದ್ದು ಆಡೋದು ಅದರ ಮೇಲೇ. ಅತ್ತೆಗೂ ಸಮಾಧಾನ.

ಸೊಳ್ಳೆ ಪರದೆ ನಮ್ಮೂರಲ್ಲಿ ಬೇಕೇ ಬೇಕು. ಮಂಚದ ಹೊರಗಿನಿಂದ ಬಿಗಿಯಾಗಿ ಬರಲಿ, ಒಳಗೆ ಜೋತು ಬೀಳಬಾರದು. ಕಿಟಕಿ ಪರದೆಯ ದಾರ, ಚಾರ್ಜರ್ ವಯರ್, ಕೂಲರ್ ವಯರ್ ಕೈಗೆ ಸಿಗದಷ್ಟು ದೂರ ಮಂಚ ಇಡಿ.

ನಮ್ಮ ಮಗಳು ತವರಿನ ತೊಟ್ಟಿಲಿನಿಂದ ಈ ಮಂಚಕ್ಕೆ ಬಂದದ್ದು ಮೂರನೇ ತಿಂಗಳಲ್ಲಿ. ಜೋಡಿಸೋಕೆ ನನಗೆ ಹಿಡಿದದ್ದು ಮುಕ್ಕಾಲು ಗಂಟೆ, ಒಂದೊಂದೇ ಬೋಲ್ಟನ್ನು ಅವ್ವನೇ ಎಣಿಸಿ ಕೊಟ್ಟಳು. ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಎಲ್ಲ ಬೋಲ್ಟ್ ಬಿಗಿ ನೋಡಬೇಕು. ಏಪ್ರಿಲ್‌ನಲ್ಲಿ ನನಗೆ ಎಂಟರಲ್ಲಿ ಐದು ಸಡಿಲ ಸಿಕ್ಕವು. ಅಲೆನ್ ಕೀಯನ್ನು ತಳದ ಅಡಿಗೆ, ಕೂಸಿನ ಕೈಗೆ ಎಟುಕದ ಕಡೆ ಟೇಪ್ ಸುತ್ತಿ ಅಂಟಿಸಿಡಿ. ಅಡಿಗೆಮನೆ ಡಬ್ಬಿಯಲ್ಲಿಟ್ಟರೆ ಬೇಕಾದಾಗ ಸಿಗಲ್ಲ.